ಹೋಗುವಾಗ ನೇರ ದಾರಿ, ಬರುವಾಗ ಸುತ್ತು ದಾರಿ: ಮುಂಬೈನ ಒಂದು ಫೈರ್ ಸ್ಟೇಷನ್ ಮತ್ತೆ ಕಟ್ಟಿದ ಪ್ರಕರಣ

ಸ್ಟೇಷನ್ನಿನ ಹಿಂದೆ ಸಿಬ್ಬಂದಿಯ ಕ್ವಾರ್ಟರ್ಸ್. ಎರಡನೇ ಮಹಡಿಯ ಕಟಕಟೆಗೆ ನೀಲಿ ನೈಲಾನ್ ಹಗ್ಗ ಕಟ್ಟಿದ್ದರು. ಹಗ್ಗದ ಮೇಲೆ ಶಾಲೆಯ ಎರಡು ಬಿಳಿ ಅಂಗಿ, ಒಂದು ವಾಯಲ್ ಸೀರೆ. ನಡುವೆ, ಬೆಂಕಿಗೆ ಹೋಗುವಾಗ ಹಾಕುವ ದಪ್ಪ ಕೋಟು. ಕೋಟಿನ ಅಂಚಿನಿಂದ ತೊಟ್ಟಿಕ್ಕುತ್ತಿದ್ದ ನೀರು ಕಪ್ಪಗಿತ್ತು. ಕೆಳಗಿನ ಸಿಮೆಂಟ್ ನೆಲದಲ್ಲಿ ಕಾಡಿಗೆ ಎಳೆದ ಹಾಗೆ ಒಂದು ಗೆರೆ ಹರಿದಿತ್ತು. ಹತ್ತಿರ ಹೋದರೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

"ನಿನ್ನೆ ರಾತ್ರಿ ಒಂದು ಗೋಡೌನಿಗೆ ಬೆಂಕಿ ಬಿದ್ದಿತ್ತು," ಎಂದರು ಸ್ಟೇಷನ್ ಆಫೀಸರ್. "ಕೋಟು ಮನೆಯಲ್ಲೇ ಒಗೀತಾರೆ. ಇನ್ನೆಲ್ಲಿ ಒಗೆಯೋದು ಮೇಡಮ್?"

ಅವರು ಕುಂದಾಪುರ ಕಡೆಯವರು. ನಾನು ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ಕನ್ನಡದವಳು, ಆರ್ಕಿಟೆಕ್ಟ್. ಹಳೆಯ ಸ್ಟೇಷನ್ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಲು ನಕ್ಷೆ ಮಾಡುವ ಕೆಲಸ ನಮ್ಮ ಆಫೀಸಿಗೆ ಬಂದಿತ್ತು. ಸ್ಟೇಷನ್ ಮುಂಬೈನ ಒಂದು ಉಪನಗರದ್ದು. ಹೆಸರು ಇಲ್ಲಿ ಬೇಡ. ಕೆಲಸ ಹೇಗೆ ನಡೆಯಿತು, ಎಲ್ಲಿ ತಪ್ಪಿದೆವು, ಯಾಕೆ ಹೀಗೆ ಮಾಡಿದೆವು ಎನ್ನುವುದನ್ನು ಬರೆಯುತ್ತೇನೆ. ನಮ್ಮಲ್ಲಿ ಎಷ್ಟೋ ಊರುಗಳ ಫೈರ್ ಸ್ಟೇಷನ್‌ಗಳು ಇದೇ ವಯಸ್ಸಿನವು, ಇದೇ ಸ್ಥಿತಿಯಲ್ಲಿವೆ.

ಹಳೆಯ ಕಟ್ಟಡ

ಕಟ್ಟಿದ್ದು 1960ರ ದಶಕದಲ್ಲಿ. ಆಗ ಸುತ್ತ ಒಂದೊಂದು ಕೋಣೆಯ ಮನೆಗಳ ಚಾಳುಗಳು, ಸಣ್ಣ ಕಾರ್ಖಾನೆಗಳು. ಈಗ ಅದೇ ರಸ್ತೆಯಲ್ಲಿ ಇಪ್ಪತ್ತು ಮಹಡಿ ದಾಟಿದ ಟವರ್‌ಗಳಿವೆ. ಕೆಳಗೆ ಗಾಡಿ ನಿಲ್ಲಿಸಲು ಮೂರು ಅಂಕಣ, ಮೇಲೆ ಮಲಗುವ ಹಾಲ್, ಮೂಲೆಯಲ್ಲಿ ಕರೆ ತೆಗೆದುಕೊಳ್ಳುವ ವಾಚ್‌ರೂಮ್. ಆ ಕಾಲಕ್ಕೆ ಒಳ್ಳೆಯ ಕಟ್ಟಡವೇ. ಗೋಡೆ ದಪ್ಪ, ಗಾಳಿ ಚೆನ್ನಾಗಿ ಆಡುತ್ತದೆ. ಆದರೆ ಗಾಡಿಗಳು ಬೆಳೆದವು, ಬಾಗಿಲು ಬೆಳೆಯಲಿಲ್ಲ. ನೀರು ಹೊತ್ತೊಯ್ಯುವ ಹೊಸ ಗಾಡಿ, ವಾಟರ್ ಟೆಂಡರ್, ಬಂದಾಗ ಅದರ ತಲೆ ಬಾಗಿಲ ಮೇಲಿನ ಬೀಮಿಗೆ ತಾಗಿತು. ಅಂದಿನಿಂದ ಆ ಗಾಡಿ ಹೊರಗೆ, ನೀಲಿ ತಾಡಪತ್ರಿಯ ಕೆಳಗೆ. ಮಳೆಗಾಲ ನಾಲ್ಕು ತಿಂಗಳೂ ಅಲ್ಲೇ.

ಒಳಗೆ ಹೋಗುವ ಗಾಡಿಗಳದ್ದು ಇನ್ನೊಂದು ಕಷ್ಟ. ಹಿಂದಿನಿಂದ ಬರಲು ದಾರಿ ಇಲ್ಲ, ರಸ್ತೆಯಿಂದಲೇ ರಿವರ್ಸ್ ತೆಗೆಯಬೇಕು. ಪ್ರತಿ ಸಲ ಇಬ್ಬರು ಇಳಿದು, ಸೀಟಿ ಊದಿ, ಬಸ್ಸು ರಿಕ್ಷಾ ಎಲ್ಲ ನಿಲ್ಲಿಸಬೇಕು. ವಿಜಯಪುರ ಕಡೆಯ ಹಿರಿಯ ಡ್ರೈವರ್ ಒಬ್ಬರಿದ್ದಾರೆ. ನನ್ನನ್ನು ಗಾಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದರು. "ನೋಡ್ರಿ ಅಕ್ಕಾರ, ಕನ್ನಡ್ಯಾಗ ಏನ್ ಕಾಣತೈತಿ? ಒಂದು ಕೂಸು ಹಿಂದ ಓಡಿ ಬಂದ್ರೂ ನನಗ ತಿಳಿಯಂಗಿಲ್ಲ." ಅವರು ಹೇಳಿದ್ದು ನಿಜ. ಹಿಂದಿನ ಗೋಡೆಗೆ ಅಂಟಿಕೊಂಡೇ ಕ್ವಾರ್ಟರ್ಸ್ ಮಕ್ಕಳು ಕ್ರಿಕೆಟ್ ಆಡುತ್ತಾರೆ.

ಮೇಲಿನ ಹಾಲಿನಲ್ಲಿ ನೆಲದ ಮಧ್ಯೆ ಒಂದು ಪ್ಲೈವುಡ್ ಹಲಗೆ. ಕೆಳಗೆ ಜಾರಿ ಇಳಿಯುವ ಕಂಬದ ತೂತು ಅದು. ಈ ಕಂಬ ಶುರುವಾಗಿದ್ದು 1878ರಲ್ಲಿ, ಅಮೆರಿಕದ ಷಿಕಾಗೋದಲ್ಲಿ, ಡೇವಿಡ್ ಕೆನ್ಯನ್ ಎಂಬ ಫೈರ್ ಕ್ಯಾಪ್ಟನ್ ಕೈಯಲ್ಲಿ. ಇಲ್ಲಿ ಬಿದ್ದು ಕಾಲು ಮುರಿದುಕೊಂಡವರಾದ ಮೇಲೆ ಮುಚ್ಚಿದ್ದರು. ಆದರೆ ಹಲಗೆಯ ಸುತ್ತ ಬೆರಳು ತೂರುವಷ್ಟು ಸಂದಿ ಉಳಿದಿತ್ತು. ಕೆಳಗೆ ಎಂಜಿನ್ ಶುರುವಾದರೆ ಹೊಗೆ ಸೀದಾ ಮೇಲೆ, ಮಲಗಿದವರ ಮೂಗಿಗೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಅದೇ ವಿಭಾಗ 2022ರಲ್ಲಿ ಫೈರ್‌ಮನ್ ಕೆಲಸವನ್ನೇ ಮೊದಲ ಗುಂಪಿಗೆ ಸೇರಿಸಿತು. ಅಂದರೆ, ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ಗುಂಪು. ಶ್ವಾಸಕೋಶದ ಹೊದಿಕೆಗೆ ಬರುವ ಮೀಸೊಥೀಲಿಯೋಮಾ ಎಂಬ ಕ್ಯಾನ್ಸರಿಗೂ ಮೂತ್ರಕೋಶದ ಕ್ಯಾನ್ಸರಿಗೂ ಸಾಕಷ್ಟು ಪುರಾವೆ ಸಿಕ್ಕಿದೆ ಎಂದು ಬರೆಯಿತು.

ಇದನ್ನು ಓದಿದ ದಿನ ನನಗೆ ಮತ್ತೆ ಆ ಬಟ್ಟೆಯ ಹಗ್ಗ ಕಣ್ಣಿಗೆ ಬಂತು.

ಜಾಗ ಬಿಡುವುದೇ, ಬೇಡವೇ

ಮೊದಲ ಮೀಟಿಂಗಿನಲ್ಲೇ ಒಂದು ಸಲಹೆ ಬಂತು. ಊರ ಹೊರಗೆ ದೊಡ್ಡ ಪ್ಲಾಟ್ ಸಿಗುತ್ತದೆ, ಅಲ್ಲಿ ಕಟ್ಟಿದರೆ ಕೆಲಸ ಸುಲಭ ಅಲ್ವಾ ಎಂದರು. ನಕ್ಷೆ ಮಾಡುವವಳಾಗಿ ನನಗೂ ಆಸೆಯಾಯಿತು. ಆಫೀಸರ್ ಒಪ್ಪಲಿಲ್ಲ. ಅವರ ಲೆಕ್ಕ ಸರಳವಾಗಿತ್ತು. ಇಲ್ಲಿನ ಟ್ರಾಫಿಕ್ಕಿನಲ್ಲಿ ಗಾಡಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ 4 ನಿಮಿಷಕ್ಕೆ ಸುಮಾರು 1.3 ಕಿ.ಮೀ. ಅಷ್ಟೇ. ಬೆಂಕಿ ಬೀಳುವುದು ಜನ ಇರುವಲ್ಲಿ, ಸ್ಟೇಷನ್ ಕೂಡ ಅಲ್ಲೇ ಇರಬೇಕು. ನಗರಗಳಲ್ಲಿ 10 ಚದರ ಕಿ.ಮೀ.ಗೆ ಒಂದು ಸ್ಟೇಷನ್ ಬೇಕು ಎಂದು ದೇಶದ ಸ್ಥಾಯಿ ಅಗ್ನಿಶಾಮಕ ಸಲಹಾ ಸಮಿತಿ ಹೇಳುವುದೂ ಇದಕ್ಕೇ. ಜಾಗ ಬಿಡಲಿಲ್ಲ. ಬಿಡದೆ ಇದ್ದದ್ದೇ ಈ ಕೆಲಸದಲ್ಲಿ ನಾವು ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ. ಅತಿ ಕಷ್ಟ ಕೊಟ್ಟದ್ದೂ ಅದೇ.

ಎರಡು ದಾರಿ

ಫೈರ್ ಸ್ಟೇಷನ್ ಅಂದರೆ ದೊಡ್ಡ ಗ್ಯಾರೇಜು, ಮೇಲೆ ಹಾಸ್ಟೆಲ್ಲು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಒಂದು ವಾರ ರಾತ್ರಿ ಪಾಳಿಯ ಜೊತೆ ವಾಚ್‌ರೂಮಿನಲ್ಲಿ ಕೂತ ಮೇಲೆ ಅಭಿಪ್ರಾಯ ಬದಲಾಯಿತು. ಆ ಕಟ್ಟಡದಲ್ಲಿ ಇರಬೇಕಾದದ್ದು ಎರಡು ದಾರಿ. ಹಾಸಿಗೆಯಿಂದ ಗಾಡಿಗೆ ಹೋಗುವುದು ಒಂದು. ಗಾಡಿಯಿಂದ ಹಾಸಿಗೆಗೆ ಮರಳುವುದು ಇನ್ನೊಂದು. ಹಳೆಯ ಕಟ್ಟಡದಲ್ಲಿ ಎರಡಕ್ಕೂ ಒಂದೇ ಮೆಟ್ಟಿಲು. ತಪ್ಪಿದ್ದು ಅಲ್ಲೇ.

ಹೋಗುವ ದಾರಿ ಆದಷ್ಟು ಚಿಕ್ಕದಿರಬೇಕು. ಅಮೆರಿಕದ ಎನ್‌ಎಫ್‌ಪಿಎ 1710 ಎಂಬ ಮಾನದಂಡ ಬೆಂಕಿಯ ಕರೆಗೆ ಸಿಬ್ಬಂದಿ ತಯಾರಾಗಿ ಗಾಡಿ ಹೊರಡಲು 80 ಸೆಕೆಂಡು ಕೊಡುತ್ತದೆ. ಮೊದಲ ಗಾಡಿ ರಸ್ತೆಯಲ್ಲಿ ಹೋಗಿ ಮುಟ್ಟಲು 240 ಸೆಕೆಂಡು. ರಸ್ತೆ ನಮ್ಮ ಕೈಯಲ್ಲಿಲ್ಲ. ಕಟ್ಟಡ ಇದೆ. ಒಳಗೆ 30 ಸೆಕೆಂಡು ಉಳಿಸಿದರೆ, ಅದೇ 20 ಕಿ.ಮೀ. ಲೆಕ್ಕದಲ್ಲಿ, ರಸ್ತೆಯಲ್ಲಿ ಸುಮಾರು 170 ಮೀಟರ್ ಮುಂದೆ ಹೋದ ಹಾಗೆ. ಮುಂಬೈನ ರಸ್ತೆಯಲ್ಲಿ 170 ಮೀಟರ್ ಅಂದರೆ ಒಂದು ಸಿಗ್ನಲ್ ದಾಟಿದ ಹಾಗೆ.

ಬರುವ ದಾರಿ ಬೇಕೆಂದೇ ಉದ್ದ ಇರಬೇಕು. ಮನುಷ್ಯ ಹೊಗೆ ಮೆತ್ತಿಕೊಂಡು ಬಂದಿರುತ್ತಾನೆ. ಅವನು ಸೀದಾ ಅಡುಗೆಮನೆಗೆ, ಹಾಸಿಗೆಗೆ, ಹೆಂಡತಿ ಮಕ್ಕಳ ಹತ್ತಿರ ಹೋಗಬಾರದು. ಗಾಡಿಯಿಂದ ಇಳಿದ ತಕ್ಷಣ ಹೊರಗೇ ಪೈಪಿನ ನೀರು. ಆಮೇಲೆ ಕೋಟು, ಬೂಟು, ಹೆಲ್ಮೆಟ್, ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಹೊರುವ ಬಿಎ ಸೆಟ್ ಕಳಚುವ ಕೋಣೆ. ಆಮೇಲೆ ಸ್ನಾನ. ಸ್ನಾನದ ಇನ್ನೊಂದು ಬಾಗಿಲಿನಿಂದ ಒಗೆದ ಬಟ್ಟೆ ಹಾಕಿಕೊಂಡು ಹೊರಗೆ. ಈಚೆಗೆ ಬೇರೆ ದೇಶಗಳಲ್ಲಿ ಸ್ಟೇಷನ್ನನ್ನು ಕೆಂಪು, ಹಳದಿ, ಹಸಿರು ಎಂದು ಮೂರು ಭಾಗ ಮಾಡುತ್ತಾರೆ. ಕೊಳೆ ಇರುವುದು ಕೆಂಪು, ಕಳಚಿ ತೊಳೆದುಕೊಳ್ಳುವುದು ಹಳದಿ, ಇರುವ ಮಲಗುವ ಜಾಗ ಹಸಿರು. ನಾವು ಅದನ್ನೇ ನೆಲದ ಬಣ್ಣವಾಗಿ ಬಳಿಸಿದೆವು, ಗೋಡೆಯ ಬೋರ್ಡು ಓದುವ ಸ್ಥಿತಿಯಲ್ಲಿ ಯಾರೂ ಬಂದಿರುವುದಿಲ್ಲ.

ನಿಜ ಹೇಳಬೇಕೆಂದರೆ ಇದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ಮಾತು. ಹೊರಗಿನಿಂದ ಬಂದವರು ಹಿತ್ತಲ ಬಚ್ಚಲಿಗೆ ಹೋಗಿ ಕೈಕಾಲು ತೊಳೆದೇ ಒಳಗೆ ಬರಬೇಕಿತ್ತು. ಆಫೀಸರಿಗೆ ನಕ್ಷೆ ತೋರಿಸಿದಾಗ ಅವರು ಅಂದದ್ದೂ ಅದೇ: "ಓ, ನಮ್ಮ ಊರಿನ ಬಚ್ಚಲುಮನೆ!"

ಕೋಟಿನ ವಿಚಾರದಲ್ಲಿ ಇನ್ನೊಂದು ವಿಷಯ ನನಗೆ ಆಗಲೇ ಗೊತ್ತಾಗಿದ್ದು. ಈ ಕೋಟುಗಳ ಅರಮಿಡ್ ನೂಲು ಬೆಂಕಿ ತಡೆಯುತ್ತದೆ, ಬಿಸಿಲು ತಡೆಯುವುದಿಲ್ಲ. ಸೂರ್ಯನ ಬೆಳಕಿನ ಅತಿನೇರಳೆ ಕಿರಣ ಬಿದ್ದಷ್ಟೂ ನೂಲು ಸೊರಗುತ್ತದೆ. ಅಂದರೆ ಆ ನೀಲಿ ಹಗ್ಗದ ಮೇಲೆ ಎರಡು ಕೆಡುಕು ಒಟ್ಟಿಗೆ ನಡೆಯುತ್ತಿತ್ತು. ಕೋಟಿನ ಮಸಿ ಮಕ್ಕಳ ಅಂಗಿಗೆ, ಬಿಸಿಲು ಕೋಟಿಗೆ. ಹೊಸ ಕಟ್ಟಡದಲ್ಲಿ ಕೋಟು ಒಗೆಯುವ ದೊಡ್ಡ ಮಷಿನ್ ಇದೆ. ನೀರು 40 ಡಿಗ್ರಿ ದಾಟುವ ಹಾಗಿಲ್ಲ. ಪಕ್ಕದಲ್ಲಿ ಕಿಟಕಿ ಇಲ್ಲದ, ಫ್ಯಾನ್ ಇರುವ ಒಣಗಿಸುವ ಕೋಣೆ. ಮಷಿನ್ ದುಬಾರಿ ಎಂದು ಹಣ ಕೊಡುವವರು ಎರಡು ಸಲ ಪಟ್ಟಿಯಿಂದ ತೆಗೆದರು. ಎರಡು ಸಲವೂ ಆಫೀಸರ್ ಮತ್ತೆ ಸೇರಿಸಿದರು. ಎದುರಿಗಿನ ಗೋಡೆಗೆ ಹಚ್ಚುವ ಕಲ್ಲು ಬೇಕಾದರೆ ತೆಗೆಯಿರಿ ಎಂದು ನಾನೂ ಹೇಳಿದೆ. ಕಲ್ಲು ಹೋಯಿತು, ಮಷಿನ್ ಉಳಿಯಿತು.

ಸುಣ್ಣದ ಗೆರೆ

ನನ್ನ ಮೊದಲ ನಕ್ಷೆ ಕಾಗದದ ಮೇಲೆ ಚೆನ್ನಾಗಿತ್ತು. ಮಲಗುವ ಕೋಣೆ ನೆಲಮಹಡಿಯಲ್ಲಿ, ಗಾಡಿಗಳ ಪಕ್ಕಕ್ಕೆ. ನಡುವೆ ಕೋಟು ಹಾಕಿಕೊಳ್ಳುವ ಕೋಣೆ. ಮೆಟ್ಟಿಲೇ ಇಲ್ಲ. ಹೆಮ್ಮೆಯಿಂದ ತೋರಿಸಿದೆ. ಡ್ರೈವರ್ ನಕ್ಷೆಯನ್ನು ತುಂಬ ಹೊತ್ತು ನೋಡಿದರು. "ಅಕ್ಕಾರ, ಹಾಳ್ಯಾಗ ನನಗ ತಿಳಿಯಂಗಿಲ್ಲ. ಅಂಗಳದಾಗ ಗೆರಿ ಹಾಕ್ರಿ. ಓಡಿ ನೋಡೋಣ."

ಮರುದಿನ ಡ್ರಿಲ್ ಅಂಗಳದಲ್ಲಿ ಸುಣ್ಣದ ಪುಡಿಯಲ್ಲಿ ಇಡೀ ನಕ್ಷೆಯನ್ನು ನಿಜವಾದ ಅಳತೆಗೆ ಎಳೆದೆವು. ಗೋಡೆಯ ಕಡೆ ಹಗ್ಗ ಕಟ್ಟಿದೆವು. ಹಾಸಿಗೆಗೆ ಬದಲು ಹಳೆಯ ಬೆಂಚುಗಳು. ನೀರು ಹಾಯಿಸುವ ಹೋಸ್ ಪೈಪು ಸುತ್ತಿಟ್ಟ ಎರಡು ಸುರುಳಿ ಬಾಗಿಲಿನ ಚೌಕಟ್ಟು. ಗಂಟೆ ಹೊಡೆಸಿ, ಆರು ಜನ ಎದ್ದು ಓಡಿದರು. ನಾನು ಮೊಬೈಲಿನಲ್ಲಿ ಸಮಯ ನೋಡುತ್ತಿದ್ದೆ.

ಕೋಟಿನ ಕೋಣೆಯ ಬಾಗಿಲಲ್ಲಿ ಇಬ್ಬರು ಢಿಕ್ಕಿ ಹೊಡೆದರು. ಎರಡನೇ ಸಲವೂ ಅದೇ. ಮೂರನೇ ಸಲ ನಿಧಾನವಾಗಿ ಓಡಿಸಿ ನೋಡಿದೆ. ಕೋಟು ಹಾಕಿಕೊಂಡವನು ಎಡಕ್ಕೆ ತಿರುಗಿ ಗಾಡಿಗೆ ಹೋಗಬೇಕು. ಇನ್ನೂ ಹಾಕಿಕೊಳ್ಳದವನು ಅದೇ ಬಾಗಿಲಿಂದ ಒಳಗೆ ಬರಬೇಕು. ಒಂದೇ ಬಾಗಿಲಿನಲ್ಲಿ ಎದುರುಬದುರು ಓಟ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು, ಅದನ್ನು ತೋರಿಸಿದ್ದು ತಂಡದ ಒಬ್ಬ ಫೈರ್‌ವುಮನ್. ತೊಳೆಯದ ಕೋಟು ತೂಗುಹಾಕುವ ಕೋಣೆ ಮಲಗುವ ಕೋಣೆಗೆ ಅಂಟಿಕೊಂಡಿದೆ, ಬಾಗಿಲು ತೆರೆದಾಗೆಲ್ಲ ವಾಸನೆ ಒಳಗೆ ಬರುವುದಿಲ್ಲವೇ ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಾರಿ ಎಂದು ಬಾಯಲ್ಲಿ ಹೇಳುತ್ತಾ ನಕ್ಷೆಯಲ್ಲಿ ಮತ್ತೆ ಒಂದೇ ದಾರಿ ಮಾಡಿದ್ದೆ.

ಹೊಸ ನಕ್ಷೆಯಲ್ಲಿ ಮಲಗುವ ಕೋಣೆಗಳು ಮೊದಲ ಮಹಡಿಗೆ ಹೋದವು. ಒಂದೇ ನೇರ ಮೆಟ್ಟಿಲು, ನಡುವೆ ತಿರುವಿಲ್ಲ, ಇಬ್ಬರು ಅಕ್ಕಪಕ್ಕ ಇಳಿಯುವಷ್ಟು ಅಗಲ. ಮೆಟ್ಟಿಲ ಬುಡದಲ್ಲಿ ಎರಡು ಬಾಗಿಲಿನ ಒಂದು ಸಣ್ಣ ಕೋಣೆ. ಅಲ್ಲಿ ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ, ಹಾಗಾಗಿ ಗಾಡಿ ಕಡೆಯ ಹೊಗೆ ಮೇಲೆ ಹತ್ತುವುದಿಲ್ಲ. ತೊಳೆದ ಕೋಟು ಗಾಡಿಯ ಹತ್ತಿರದ ಕಪಾಟಿನಲ್ಲಿ. ತೊಳೆಯದ ಕೋಟು ಕಟ್ಟಡದ ಆಚೆ ತುದಿಯಲ್ಲಿ. ಕಂಬ ಬೇಡವೇ ಬೇಡ ಎಂದರು ಎಲ್ಲರೂ. ಸುಣ್ಣದ ಗೆರೆ ಮೂರು ಸಲ ಅಳಿಸಿ ಬರೆದೆವು. ಅದಕ್ಕೆ ಖರ್ಚಾಗಿದ್ದು ಎರಡು ಚೀಲ ಸುಣ್ಣ.

ದೊಡ್ಡ ಹಾಲ್ ಹೋಗಿ ಸಣ್ಣ ಸಣ್ಣ ಕೋಣೆಗಳಾದವು. ಹೆಣ್ಣುಮಕ್ಕಳೂ ಪಾಳಿಯಲ್ಲಿದ್ದಾರೆ, ಅವರಿಗೆ ಬೇರೆ ಕಟ್ಟಡ ಮಾಡಿ ದೂರ ಇಟ್ಟರೆ ಅವರು ಗಾಡಿಗೆ ತಡವಾಗಿ ಬರುವ ಹಾಗೆ ನಾವೇ ಮಾಡಿದಂತೆ. ಗಂಟೆಯ ವಿಷಯವನ್ನೂ ಬದಲಿಸಿದೆವು. ಮೊದಲು ಯಾವ ಕರೆ ಬಂದರೂ ಇಡೀ ಸ್ಟೇಷನ್ ಎದ್ದು ಕೂರುತ್ತಿತ್ತು. ಈಗ ಯಾವ ಗಾಡಿಗೆ ಕರೆಯೋ ಆ ತಂಡದ ಕೋಣೆಗಳಲ್ಲಿ ಮಾತ್ರ ಸದ್ದು. ಅದೂ ಮೆತ್ತಗೆ ಶುರುವಾಗಿ ಏರುತ್ತದೆ, ಜೊತೆಗೆ ಕೆಂಪು ದೀಪ. ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಕೆಂಪು ಬೆಳಕು ಅಷ್ಟಾಗಿ ಚುಚ್ಚುವುದಿಲ್ಲ. ಗಾಢ ನಿದ್ದೆಯಿಂದ ಧಡಕ್ಕನೆ ಎಬ್ಬಿಸಿದರೆ ಎದೆಬಡಿತ ಒಮ್ಮೆಗೇ ಏರುತ್ತದೆ. ಐವತ್ತು ದಾಟಿದವರಿಗೆ ಅದು ಸಣ್ಣ ಮಾತಲ್ಲ.

ಅಡುಗೆಮನೆಯ ಗ್ಯಾಸ್ ಕೂಡ ಗಂಟೆಯ ಜೊತೆ ಸೇರಿಕೊಂಡಿದೆ. ಕರೆ ಬಂದರೆ ಒಲೆ ತಾನಾಗಿ ಆರುತ್ತದೆ. ಹಳೆಯ ಅಡುಗೆಮನೆಯಲ್ಲಿ ತಳ ಹತ್ತಿದ ಕುಕ್ಕರ್ ಒಂದನ್ನು ನಾನೇ ನೋಡಿದ್ದೆ, ಬೇಳೆ ಇಟ್ಟು ಓಡಿದವರು ಮೂರು ಗಂಟೆ ಬಿಟ್ಟು ವಾಪಸ್ ಬಂದಿದ್ದರು.

ನೆಲ, ನೀರು, ಅಡಿಪಾಯ

ಈ ಭಾಗ ಎಂಜಿನಿಯರ್‌ಗಳದ್ದು. ಆದರೂ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. 2016ರ ಭೂಕಂಪದ ನಕ್ಷೆಯಲ್ಲಿ ಮುಂಬೈ ಮೂರನೇ ವಲಯದ ಊರು, ಅಂದರೆ ಮಧ್ಯಮ ಅಪಾಯದ್ದು. 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ ಇಲ್ಲಿಯವರೆಗೂ ಅಲುಗಾಡಿಸಿತ್ತು. ಭೂಕಂಪ ತಡೆಯುವ ಕಟ್ಟಡಗಳಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 1893, ಅದರ 2016ರ ಆವೃತ್ತಿಯಲ್ಲಿ, ಫೈರ್ ಸ್ಟೇಷನ್ನನ್ನು ಆಸ್ಪತ್ರೆಯ ಸಾಲಿನಲ್ಲಿ ಇಟ್ಟು 1.5ರ ಗುಣಕ ಕೊಟ್ಟಿದೆ. ಸಾಮಾನ್ಯ ಕಟ್ಟಡಕ್ಕಿಂತ ಒಂದೂವರೆ ಪಟ್ಟು ಬಲಕ್ಕೆ ಲೆಕ್ಕ ಹಾಕಬೇಕು. ಎಲ್ಲ ಬಿದ್ದಾಗ ಹೊರಡಬೇಕಾದ ಗಾಡಿಗಳು ಇದರೊಳಗಿವೆ.

ಹಳೆಯ ಮಾದರಿ ಇಲ್ಲಿ ಅಪಾಯದ್ದು. ಕೆಳಗೆ ಗಾಡಿಗಾಗಿ ಎಲ್ಲ ತೆರೆದು ಬರೀ ಕಂಬ, ಮೇಲೆ ಗೋಡೆ ತುಂಬಿದ ಕೋಣೆಗಳು. ನೆಲ ಅಲುಗಿದರೆ ಕೆಳಗಿನ ಕಂಬಗಳೇ ಮೊದಲು ಬಾಗುತ್ತವೆ. ಹಾಗಾಗಿ ಗಾಡಿಗಳ ಕಟ್ಟಡವನ್ನೂ ಸಿಬ್ಬಂದಿ ಇರುವ ಕಟ್ಟಡವನ್ನೂ ಬೇರೆ ಬೇರೆ ಮಾಡಿ, ನಡುವೆ ಸಂದಿ ಬಿಟ್ಟೆವು. ಗಾಡಿಗಳ ಮೇಲೆ ಏನೂ ಇಲ್ಲ, ಎತ್ತರದ ಮಾಡು ಮಾತ್ರ. ಹಿಂದೆ ಮುಂದೆ ಎರಡೂ ಕಡೆ ಬಾಗಿಲು, 4.5 ಮೀಟರ್ ಅಗಲ, 5 ಮೀಟರ್ ಎತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆ ಫೈರ್ ಗಾಡಿ ಒಳಗೆ ಬರಬೇಕಾದ ಗೇಟುಗಳಿಗೆ ಕೇಳುವುದು ಅಷ್ಟೇ ಅಳತೆ, ನಮ್ಮ ಸ್ವಂತ ಮನೆಗೆ ಕಡಿಮೆ ಮಾಡುವುದು ಸರಿ ಅನ್ನಿಸಲಿಲ್ಲ. ಗಾಡಿ ಹಿಂದಿನ ಗಲ್ಲಿಯಿಂದ ಒಳಗೆ, ಮುಂದಿನ ರಸ್ತೆಗೆ ಹೊರಗೆ. ರಿವರ್ಸ್ ಎನ್ನುವುದೇ ಇಲ್ಲ. ಬಾಗಿಲು ಮೇಲೆ ಸುತ್ತಿಕೊಳ್ಳುವ ಶಟರ್ ಅಲ್ಲ, ಪಕ್ಕಕ್ಕೆ ಮಡಚುವಂಥದ್ದು. ಪೂರ್ತಿ ತೆರೆಯಿತೋ ಇಲ್ಲವೋ ಡ್ರೈವರಿಗೆ ಕೂತಲ್ಲೇ ಕಾಣುತ್ತದೆ. ಕರೆಂಟ್ ಹೋದರೆ ಒಬ್ಬರೇ ಕೈಯಿಂದ ತಳ್ಳಬಹುದು.

ನೀರಿನ ವಿಷಯದಲ್ಲಿ ವಾದ ಆಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತು. ಅಂದು ಈ ಸ್ಟೇಷನ್ನಿನ ಅಂಗಳದಲ್ಲೂ ಸೊಂಟದ ತನಕ ನೀರು. ಎಂಜಿನಿಯರ್ ನೆಲವನ್ನು ಚೆನ್ನಾಗಿ ಎತ್ತರಿಸಬೇಕು ಎಂದರು. ಡ್ರೈವರ್ ಬೇಡ ಎಂದರು. 10,000 ಲೀಟರ್ ನೀರು ಅಂದರೆ 10 ಟನ್. ಅಷ್ಟು ಹೊತ್ತು ಕಡಿದಾದ ಇಳಿಜಾರಿನಲ್ಲಿ ಇಳಿದು ತಕ್ಷಣ ರಸ್ತೆಗೆ ತಿರುಗಿದರೆ ಗಾಡಿಯೊಳಗಿನ ನೀರು ತೂಗಾಡುತ್ತದೆ, ಗಾಡಿ ವಾಲುತ್ತದೆ. ಕೊನೆಗೆ ಕಟ್ಟಡವನ್ನು ರಸ್ತೆಯಿಂದ ಇನ್ನಷ್ಟು ಹಿಂದಕ್ಕೆ ಸರಿಸಿದೆವು. ಎದುರಿನ ಅಂಗಳ ಉದ್ದವಾಯಿತು, ಇಳಿಜಾರು ಮೆತ್ತಗಾಯಿತು. ಜನರೇಟರ್, ಕರೆಂಟ್ ಬೋರ್ಡ್, ವೈರ್‌ಲೆಸ್ ಎಲ್ಲ ಮೊದಲ ಮಹಡಿಗೆ ಹತ್ತಿದವು. ಹಿಂದಕ್ಕೆ ಸರಿದದ್ದರಿಂದ ಡ್ರಿಲ್ ಅಂಗಳ ಚಿಕ್ಕದಾಯಿತು. ಅದು ನನಗೆ ಇಂದಿಗೂ ಬೇಸರದ ಸಂಗತಿ.

ಆ ಕೊರತೆಯನ್ನು ಸ್ವಲ್ಪ ತುಂಬಿಸಿದ್ದು ಟವರ್. ಇಲ್ಲಿ ಬಳಸುವ 30 ಮೀಟರಿನ ಹೋಸನ್ನು ನಡುವಿಗೆ ಮಡಚಿ ತೂಗುಹಾಕಿದರೆ 15 ಮೀಟರ್ ಎತ್ತರ ಬೇಕು. ಆ ಟವರಿಗೇ ಹೊರಗಿನಿಂದ ಬಾಲ್ಕನಿ, ಕಿಟಕಿ, ಕತ್ತಲೆಯ ಮೆಟ್ಟಿಲು ಕೊಟ್ಟೆವು. ಒಳಗೆ ಹೋಸ್ ಒಣಗುತ್ತದೆ, ಹೊರಗೆ ಏಣಿಯ ಅಭ್ಯಾಸ. 2015ರ ಮೇ 9ರಂದು ಕಾಲ್ಬಾದೇವಿಯ ಗೋಕುಲ್ ನಿವಾಸದ ಬೆಂಕಿಯಲ್ಲಿ ಮುಂಬೈ ಅಗ್ನಿಶಾಮಕ ದಳ ತನ್ನ ಮುಖ್ಯಸ್ಥ ಸುನಿಲ್ ನೇಸರಿಕರ್, ಉಪಮುಖ್ಯಸ್ಥ ಸುಧೀರ್ ಅಮೀನ್ ಸೇರಿ ನಾಲ್ವರು ಅಧಿಕಾರಿಗಳನ್ನು ಕಳೆದುಕೊಂಡಿತು. ಹಳೆಯ ಕಟ್ಟಡ ಕುಸಿಯುವಾಗ ಒಳಗಿದ್ದವರು. ಆಫೀಸರ್ ಆ ಬಗ್ಗೆ ಮಾತಾಡುವುದು ಕಡಿಮೆ. ಟವರಿನ ಮೆಟ್ಟಿಲು ಕಿರಿದಾಗಿಯೇ ಇರಲಿ, ಹಳೆಯ ಚಾಳಿನ ಮೆಟ್ಟಿಲಿನ ಹಾಗೆ, ಎಂದು ಮಾತ್ರ ಕೇಳಿದರು. ಹಾಗೇ ಮಾಡಿದೆವು.

ಕೆಲಸ ನಿಲ್ಲಿಸದೆ ಕಟ್ಟುವುದು

ಶಾಲೆಗೆ ರಜೆ ಕೊಡಬಹುದು, ಸ್ಟೇಷನ್ನಿಗೆ ಸಾಧ್ಯವಿಲ್ಲ. ಎರಡು ಹಂತ ಮಾಡಿದೆವು. ಮೊದಲು ಹಿಂದಿನ ಅಂಗಳದಲ್ಲಿ ಗಾಡಿಗಳ ಕಟ್ಟಡ, ತೊಳೆಯುವ ಕೋಣೆಗಳು, ಟವರ್. ಅಷ್ಟರವರೆಗೆ ಗಾಡಿಗಳು ಹಳೆಯ ಜಾಗದಲ್ಲೇ. ಆಮೇಲೆ ಗಾಡಿಗಳು ಹೊಸದಕ್ಕೆ ಬಂದವು, ಹಳೆಯದನ್ನು ಕೆಡವಿ ಆ ಜಾಗದಲ್ಲಿ ಸಿಬ್ಬಂದಿ ಇರುವ ಹೊಸ ಕಟ್ಟಡ. ಈ ನಡುವೆ ಕ್ವಾರ್ಟರ್ಸಿನ ಕೆಲವು ಮನೆಯವರು ಬೇರೆ ಕಡೆ ಬಾಡಿಗೆಗೆ ಹೋಗಬೇಕಾಯಿತು. ಮಕ್ಕಳ ಶಾಲೆ ದೂರವಾಯಿತು. ಪಾಳಿ ಮುಗಿಸಿ ಲೋಕಲ್ ಹಿಡಿದು ಮನೆಗೆ ಹೋಗಬೇಕಾಯಿತು. ಈ ಕಷ್ಟವನ್ನು ನಾವು ಮೊದಲೇ ಸರಿಯಾಗಿ ಅಂದಾಜು ಮಾಡಲಿಲ್ಲ. ಮುಂದೆ ಇಂಥ ಕೆಲಸ ಸಿಕ್ಕರೆ ನಾನು ಮೊದಲು ಎಳೆಯುವ ಗೆರೆ ಮನೆಗಳದ್ದು.

ಹಳೆಯ ಕಟ್ಟಡದಿಂದ ಒಂದು ವಸ್ತು ಹೊಸದಕ್ಕೆ ಬಂತು, ವಾಚ್‌ರೂಮಿನ ಹಿತ್ತಾಳೆ ಗಂಟೆ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸ್ಫೋಟಿಸಿ 66 ಮಂದಿ ಅಗ್ನಿಶಾಮಕರು ಸತ್ತರು. ದೇಶವಿಡೀ ಆ ದಿನವನ್ನು ಅಗ್ನಿಶಾಮಕ ದಿನವಾಗಿ ನೆನೆಯುತ್ತದೆ. ಇಲ್ಲಿ ಆ ಬೆಳಿಗ್ಗೆ ಈ ಗಂಟೆ ಹೊಡೆಯುತ್ತಾರೆ, ಸಾಲಾಗಿ ನಿಲ್ಲುತ್ತಾರೆ. ವಾಚ್‌ರೂಮಿನ ಹೊರಗೆ, ರಸ್ತೆಗೆ ಕಾಣುವ ಹಾಗೆ ಅದಕ್ಕೊಂದು ಗೂಡು ಮಾಡಿದ್ದೇವೆ.

ಈಗ

ಗಾಡಿಗಳ ಕಟ್ಟಡ ಬಳಕೆಯಲ್ಲಿದೆ. ಸಿಬ್ಬಂದಿ ಇರುವ ಕಟ್ಟಡಕ್ಕೆ ಪ್ಲಾಸ್ಟರ್ ನಡೆಯುತ್ತಿದೆ. ಹೋದ ತಿಂಗಳು ಒಂದು ರಾತ್ರಿ ಕರೆ ಬಂದಾಗ ನಾನು ಅಲ್ಲೇ ಇದ್ದೆ. ತಂಡ ಬೆಳಗಿನ ಜಾವ ವಾಪಸ್ ಬಂತು. ಗಾಡಿ ಹಿಂದಿನ ಗಲ್ಲಿಯಿಂದ ಸೀದಾ ಒಳಗೆ ಬಂತು, ಯಾರೂ ಸೀಟಿ ಊದಲಿಲ್ಲ. ಕೆಂಪು ನೆಲದ ಮೇಲೆ ಪೈಪಿನ ನೀರು ಹರಿಯಿತು, ಕಪ್ಪು ನೀರು ಮೋರಿಗೆ ಇಳಿಯಿತು. ಒಬ್ಬೊಬ್ಬರೇ ಹಳದಿ ಕೋಣೆಗೆ ಹೋದರು.

ಅಲ್ಲಿ ಒಂದು ತೊಂದರೆ ಕಂಡಿತು. ಬೂಟು ಕಳಚಲು ಇಟ್ಟ ಬೆಂಚು ತೀರಾ ಕಿರಿದು. ದಣಿದವರು ಕೂತು ಒಂದು ಕಾಲೆತ್ತಿದರೆ ಹಿಂದಕ್ಕೆ ವಾಲುತ್ತಾರೆ. ಒಬ್ಬರು ಗೋಡೆ ಹಿಡಿಯಲು ಹೋಗಿ ಹೊಸ ಟೈಲ್ಸಿನ ಮೇಲೆ ಮಸಿಯ ಐದು ಬೆರಳು ಮೂಡಿಸಿದರು. ಬೆಂಚು ಅಗಲ ಮಾಡಿಸುತ್ತಿದ್ದೇವೆ. ಆ ಬೆರಳಿನ ಗುರುತು ಇದ್ದ ಎತ್ತರಕ್ಕೇ ಸ್ಟೀಲ್ ಹಿಡಿಕೆ ಬರುತ್ತದೆ. ತೂತು ಕೊರೆಯುವವನು ಬುಧವಾರ ಬರುತ್ತೇನೆ ಎಂದಿದ್ದಾನೆ. ಅಲ್ಲಿಯವರೆಗೆ ಗುರುತು ಒರೆಸಬೇಡಿ ಎಂದು ಆಫೀಸರ್ ಹೇಳಿದ್ದಾರೆ.